ತಿರುಗು ಇಂಜನೂ ನೆಲದ ಪರೀಕ್ಷೆಯೂ

ಬಾವಿಯಿಂದ ನೀರೆತ್ತುವುದಕ್ಕೆ ಎಣ್ಣೆ ಇಂಜನುಗಳೇ ಗತಿಯಾಗಿದ್ದ ಕಾಲದಲ್ಲಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ರೈತರಿಗೆ ಯಂತ್ರಪರೀಕ್ಷೆಯ ಮೊದಲನೆಯ ಪಾಠವು ಬಾವಿಯ ಕಟ್ಟೆಯ ಮೇಲೆಯೇ ಆಗುತ್ತಿದ್ದಿತು. ಹೊಸ ಇಂಜನನ್ನು ತಂದೊಡನೆ ಅದಕ್ಕೆ ಪಂಪಿನ ಭಾರವನ್ನು ಹೊರಿಸುವುದು ಜಾಣತನವಲ್ಲ. ಮೊದಲು ಪಟ್ಟಿಯನ್ನು ಹಾಕದೆ ಬರಿದೆ ಓಡಿಸಿ, ಶಬ್ದವನ್ನು ಕಿವಿಗೊಟ್ಟು ಕೇಳಿ, ಕಾವನ್ನು ಕೈಯಿಂದ ಮುಟ್ಟಿ ನೋಡಿ, ಹೊಗೆಯ ಬಣ್ಣವನ್ನು ಗಮನಿಸಿ, ಆಮೇಲೆ ಪಟ್ಟಿಯನ್ನು ತೊಡಿಸುವುದು ವಿವೇಕ. ಬಾವಿಯ ಇಂಜನು ನಡುವೆ ನಿಂತರೆ ಒಂದು ದಿನದ ನೀರು ತಪ್ಪೀತು. ಬಾನಿನಲ್ಲಿ ಇಂಜನು ನಿಂತರೆ ಅದನ್ನು ಬಿಚ್ಚಿ ನೋಡುವುದಕ್ಕೆ ಅಲ್ಲಿ ಕಟ್ಟೆಯಿಲ್ಲ. ಆದುದರಿಂದಲೇ ವಿಮಾನದ ಚರಿತ್ರೆಯಲ್ಲಿ ಹಾರಾಟದ ದಿನಕ್ಕಿಂತ ನೆಲದ ಮೇಲೆ ಇಂಜನನ್ನು ಓಡಿಸಿ ನೋಡಿದ ದಿನಗಳು ಹೆಚ್ಚು ನಿರ್ಣಾಯಕವಾದುವು. ಲೋಕವು ಮೊದಲನೆಯದನ್ನು ಕೊಂಡಾಡುತ್ತದೆ, ಎರಡನೆಯದನ್ನು ಮರೆಯುತ್ತದೆ. ತಿರುಗು ಇಂಜನಿನ ಕಥೆಯು ಈ ಮರೆವನ್ನು ತಿದ್ದತಕ್ಕುದಾಗಿದೆ.

ಮನೆಯ ಕೊಟ್ಟಿಗೆಯಲ್ಲಿ ವಿಮಾನವನ್ನು ಕಟ್ಟಿದವರಲ್ಲಿ ಅಗ್ರಗಣ್ಯರು ಅಮೆರಿಕದ ರೈಟ್ ಸಹೋದರರು. ಅವರ ಬೈಸಿಕಲ್ ಕಾರ್ಖಾನೆಯಲ್ಲಿ ಚಾರ್ಲಿ ಟೇಲರ್ ಎಂಬ ಕುಶಲಕರ್ಮಿಯು ನಿರ್ಮಿಸಿದ ನಾಲ್ಕು ಸಿಲಿಂಡರುಗಳ ಇಂಜನು 1903ನೆಯ ಇಸವಿ ಫೆಬ್ರವರಿ 12ರಂದು ಮೊದಲ ಸಲ ಓಡಿತು. ಅದು ತಿರುಗು ಇಂಜನಲ್ಲ, ಸಾಮಾನ್ಯ ಪಿಸ್ಟನ್ ಇಂಜನು. ಮರುದಿನವೇ, ತೊಟ್ಟಿಕ್ಕಿದ ಪೆಟ್ರೋಲಿನ ದೆಸೆಯಿಂದ ಬೇರಿಂಗುಗಳು ಬಿಗಿದುಕೊಂಡು ಅದರ ಒಡಲೇ ಒಡೆದು ಹೋಯಿತು. ಹೊಸ ಎರಕವು ಕೈಗೆ ಬಂದುದು ಏಪ್ರಿಲ್ ತಿಂಗಳಲ್ಲಿ. ಬಳಿಕ ಕಿಟ್ಟಿ ಹಾಕ್ ಕಡಲತಡಿಯಲ್ಲಿ ನವೆಂಬರಿನಲ್ಲಿ ಇಂಜನನ್ನು ವಿಮಾನಕ್ಕೆ ಕೂಡಿಸಿ ಓಡಿಸಿದಾಗ ಪ್ರೊಪೆಲರುಗಳ ಟೊಳ್ಳು ದಂಡಗಳು ಕೆಟ್ಟುವು. ದುರಸ್ತಾಗಿ ಬಂದವುಗಳಲ್ಲಿ ಒಂದು ಮತ್ತೆ ಬಿರಿಯಿತು. ಆರ್ವಿಲ್ ರೈಟನು ಊರಿಗೆ ಹಿಂದಿರುಗಿ ಗಟ್ಟಿ ಉಕ್ಕಿನ ದಂಡಗಳನ್ನು ಮಾಡಿಸಿ ತಂದನು. ಡಿಸೆಂಬರ್ 17ರಂದು 12 ಸೆಕೆಂಡುಗಳ ಕಾಲ ನಡೆದ ಮೊದಲ ಹಾರಾಟವು ಜಗತ್ಪ್ರಸಿದ್ಧವಾಗಿದೆ. ಆದರೆ ಒಡೆಯತಕ್ಕುದೆಲ್ಲವೂ ಅದಕ್ಕೆ ಮುಂಚೆ ನೆಲದ ಮೇಲೆಯೇ ಒಡೆದಿದ್ದಿತೆಂಬುದು ಆ ಯಶಸ್ಸಿನ ಗುಟ್ಟು.

ಇನ್ನು ತಿರುಗು ಇಂಜನಿನ ವಿಚಾರ. ಈ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳು ಲೋಕದಲ್ಲಿ ಪ್ರಚಾರಕ್ಕೆ ಬಂದಿವೆ. ಮೊದಲನೆಯದು ಫ್ರಾನ್ಸಿನ ಸೆಗ್ವಿನ್ ಸಹೋದರರ ನೋಮ್ ಇಂಜನು. ಇದರಲ್ಲಿ ಅಚ್ಚುದಂಡವು ವಿಮಾನದ ಒಡಲಿಗೆ ಭದ್ರವಾಗಿ ಬಿಗಿಯಲ್ಪಟ್ಟಿರುತ್ತದೆ. ಅದರ ಸುತ್ತಲೂ ಸಿಲಿಂಡರುಗಳೆಲ್ಲವೂ ಪ್ರೊಪೆಲರಿನೊಡನೆ ಗಾಲಿಯಂತೆ ಸುತ್ತುತ್ತವೆ. ಏಳು ಸಿಲಿಂಡರುಗಳ ಈ ಯಂತ್ರವು 50 ಅಶ್ವಶಕ್ತಿಯುಳ್ಳದ್ದು. ತೂಕವು ಸುಮಾರು 75 ಕಿಲೋಗ್ರಾಂ. ಸಿಲಿಂಡರುಗಳು ತಾವೇ ಗಾಳಿಯಲ್ಲಿ ಸುತ್ತುವುದರಿಂದ ವಿಮಾನವು ನಿಂತಲ್ಲಿಯೇ ನಿಂತಿದ್ದರೂ ಅವು ತಂಪಾಗುತ್ತಿದ್ದುವು. ನೆಲದ ಮೇಲೆ ಓಡಿಸುವಾಗ ಕಾದು ಕೆಡುತ್ತಿದ್ದ ಅಂದಿನ ಇತರ ಇಂಜನುಗಳ ಮುಂದೆ ಇದು ದೊಡ್ಡ ಗುಣವೆನಿಸಿತು. 1909ರ ಆಗಸ್ಟಿನಲ್ಲಿ ರೀಮ್ಸ್ ನಗರದ ವಿಮಾನೋತ್ಸವದಲ್ಲಿ ಹೆನ್ರಿ ಫಾರ್ಮನ್ ಎಂಬವನು ಇದೇ ಇಂಜನಿನಿಂದ 180 ಕಿಲೋಮೀಟರು ಹಾರಿ ಬಹುಮಾನವನ್ನು ಪಡೆದನು.

ಈ ಇಂಜನಿನ ಜೀವಾಳವು ಹರಳೆಣ್ಣೆ. ಬಯಲುಸೀಮೆಯ ಬೆದ್ದಲು ಹೊಲಗಳ ಅಂಚಿನಲ್ಲಿ ಬೆಳೆಯುವ ಹರಳಿನ ಎಣ್ಣೆಯು ಪೆಟ್ರೋಲಿನಲ್ಲಿ ಸುಲಭವಾಗಿ ಕರಗಿಹೋಗದು. ಅದಕ್ಕಾಗಿಯೇ ಅದನ್ನು ಆರಿಸಿಕೊಂಡಿದ್ದರು. ಒಳಹೊಕ್ಕ ಎಣ್ಣೆಯು ಮರಳಿ ಬರುತ್ತಿರಲಿಲ್ಲ. ಹೊಗೆಯೊಡನೆ ಹೊರಕ್ಕೆ ಚಿಮ್ಮಿ ವೈಮಾನಿಕರ ಮೈಮುಖಗಳನ್ನು ತೊಯಿಸುತ್ತಿದ್ದಿತು. ಸುತ್ತುವ ಭಾರವು ದೊಡ್ಡ ಬುಗುರಿಯಂತೆ ವಿಮಾನವನ್ನು ಒಂದು ಪಕ್ಕಕ್ಕೆ ಎಳೆಯುತ್ತಿದ್ದಿತು. ಶಕ್ತಿಯು ಹೆಚ್ಚಬೇಕೆಂದು ವೇಗವನ್ನು ಹೆಚ್ಚಿಸಿದರೆ, ಗಾಳಿಯನ್ನು ಕಡೆಯುವುದರಲ್ಲಿಯೇ ಆ ಶಕ್ತಿಯ ಬಹುಭಾಗವು ವ್ಯಯವಾಗುತ್ತಿದ್ದಿತು. ಹೀಗಾಗಿ ಮೊದಲನೆಯ ಮಹಾಯುದ್ಧದಲ್ಲಿ ಮೆರೆದ ಈ ಯಂತ್ರವು 1920ರ ದಶಕದಲ್ಲಿ ತೆರೆಯ ಮರೆಗೆ ಸರಿಯಿತು.

ಎರಡನೆಯ ತಿರುಗು ಇಂಜನು ಜರ್ಮನಿಯ ಫೆಲಿಕ್ಸ್ ವಾಂಕೆಲನ ಕಲ್ಪನೆಯಿಂದ ಹುಟ್ಟಿದುದು. ಇದರಲ್ಲಿ ಮೇಲಕ್ಕೂ ಕೆಳಕ್ಕೂ ಆಡುವ ಪಿಸ್ಟನೇ ಇಲ್ಲ. ನಡು ಸ್ವಲ್ಪ ಅಡಗಿದ ಮೊಟ್ಟೆಯಾಕಾರದ ಗೂಡಿನೊಳಗೆ ಉಬ್ಬಿದ ಬದಿಗಳುಳ್ಳ ಮುಮ್ಮೂಲೆಯ ತಿರುಗಣೆಯೊಂದು ಓಲಾಡುತ್ತ ಸುತ್ತುತ್ತದೆ. ಅದರ ಮೂರು ಬದಿಗಳಲ್ಲಿಯೂ ಹೀರಿಕೆ, ಒತ್ತಿಕೆ, ಉರಿ, ಹೊರದೂಡಿಕೆ ಎಂಬ ನಾಲ್ಕು ಕ್ರಿಯೆಗಳು ಒಂದರ ಹಿಂದೊಂದು ನಡೆಯುತ್ತವೆ. ತಿರುಗಣೆಯು ಒಂದು ಸುತ್ತು ಬರುವಷ್ಟರಲ್ಲಿ ಅಚ್ಚುದಂಡವು ಮೂರು ಸುತ್ತು ತಿರುಗಿರುತ್ತದೆ. ಬಿಡಿಭಾಗಗಳು ಕಡಿಮೆ, ಅದುರು ಕಡಿಮೆ, ತೂಕಕ್ಕೆ ಹೋಲಿಸಿದರೆ ಬಲವು ಹೆಚ್ಚು; ವಿಮಾನಕ್ಕೆ ಇದಕ್ಕಿಂತ ಒಪ್ಪುವ ಗುಣಗಳು ಬೇರೆ ಯಾವುವು? ಎನ್‌ಎಸ್‌ಯು ಎಂಬ ಕಂಪೆನಿಯ ಪರೀಕ್ಷಾಮಂಚದ ಮೇಲೆ ಇದು 1957ರ ಫೆಬ್ರವರಿ 1ರಂದು ಮೊದಲು ಓಡಿತು.

ಆದರೆ ಗುಣವಿದ್ದಲ್ಲಿಯೇ ದೋಷವೂ ಅಡಗಿದ್ದಿತು. ಸೂಳೆಕೆರೆಯಂತಹ ಮಹಾತಟಾಕದಲ್ಲಿಯೂ ತೂಬಿನ ಬಾಯಿ ಸಡಿಲವಾದರೆ ಕಟ್ಟಿದ ನೀರು ನಿಲ್ಲಲಾರದು. ಅದರಂತೆ ತಿರುಗಣೆಯ ಮೂರು ತುದಿಗಳಲ್ಲಿ ಕೂಡಿಸಿದ ಸಣ್ಣ ಸೀಲುಪಟ್ಟಿಗಳು ಗೂಡಿನ ಒಳಗೋಡೆಗೆ ಸದಾ ಅಂಟಿಕೊಂಡು ಜಾರುತ್ತಿದ್ದರೆ ಮಾತ್ರವೇ ಒತ್ತಡವು ಉಳಿಯುವುದು. ಅವು ಸವೆದರೆ ಬಲವು ಸೋರುವುದು. ಕುಪ್ಪಳಿಸಿದರೆ ಗೋಡೆಯ ಮೇಲೆ ಗೀರುಗಳು ಮೂಡುವುವು. ಜಪಾನಿನ ಮಾಜ್ದಾ ಕಂಪೆನಿಯವರು ಈ ಗೀರುಗಳನ್ನು ದೆವ್ವದ ಉಗುರಿನ ಗುರುತುಗಳೆಂದು ಕರೆದರು. ಕೆನಿಚಿ ಯಾಮಾಮೊಟೊ ಎಂಬವರ ನೇತೃತ್ವದಲ್ಲಿ 47 ಮಂದಿ ಇಂಜಿನಿಯರುಗಳು ಇದೊಂದೇ ತೊಡಕಿನ ಮೇಲೆ ವರ್ಷಗಟ್ಟಲೆ ದುಡಿದು, ಇಂಗಾಲ ಮತ್ತು ಅಲ್ಯೂಮಿನಿಯಂ ಬೆರೆತ ಸೀಲುಗಳನ್ನು ಸಿದ್ಧಪಡಿಸಿದರು. ಅವರ ಕಾಸ್ಮೋ ಕಾರು 1967ರಲ್ಲಿ ಮಾರಾಟಕ್ಕೆ ಬಂದಿತು. ಅದೇ ವರ್ಷ ಎನ್‌ಎಸ್‌ಯು ಕಂಪೆನಿಯು ತನ್ನ ಆರ್‌ಒ 80 ಎಂಬ ಕಾರನ್ನು ಹೊರಡಿಸಿತು. ಸೀಲುಗಳು ಪಕ್ವವಾಗುವ ಮುನ್ನವೇ ಕಾರು ಗಿರಾಕಿಗಳ ಕೈಸೇರಿದುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು. ಕೆಟ್ಟ ಇಂಜನುಗಳನ್ನು ತನ್ನ ಖರ್ಚಿನಲ್ಲಿ ಬದಲಾಯಿಸಿಕೊಡುತ್ತ ಕಂಪೆನಿಯು ಸೊರಗಿ, 1969ರಲ್ಲಿ ಬೇರೊಂದು ಸಂಸ್ಥೆಯೊಡನೆ ಲೀನವಾಯಿತು. ಕಾರ್ಖಾನೆಯಲ್ಲಿ ಮುಗಿಯದ ಪರೀಕ್ಷೆಯನ್ನು ಗಿರಾಕಿಯು ದಾರಿಯಲ್ಲಿ ಮುಗಿಸಿಕೊಡಬೇಕಾಯಿತು.

ಕಾರುಗಳ ಈ ಇಂಜನನ್ನು ಮನೆಯಲ್ಲಿ ಕಟ್ಟಿದ ವಿಮಾನಗಳಿಗೆ ಅಳವಡಿಸಿಕೊಂಡವರು ಅಮೆರಿಕದಲ್ಲಿ ಹಲವರಿದ್ದಾರೆ. ಅವರ ಮುಂದಿರುವ ಕಷ್ಟವು ವಾಚಕರಿಗೆ ಸುಲಭವಾಗಿ ತಿಳಿಯುವಂಥದು. ಕಾರು ರಸ್ತೆಯಲ್ಲಿ ಸಾಗುವಾಗ ಇಂಜನಿನ ಬಲದ ಸ್ವಲ್ಪ ಭಾಗವನ್ನು ಮಾತ್ರ ಬಳಸುತ್ತದೆ. ವಿಮಾನವಾದರೋ ಮೇಲೇರುವಾಗ ಪೂರ್ಣಬಲವನ್ನೂ ಆಮೇಲೆ ಗಂಟೆಗಟ್ಟಲೆ ಅದರ ಹೆಚ್ಚಿನ ಪಾಲನ್ನೂ ಬೇಡುತ್ತದೆ. ಆದುದರಿಂದ ನೆಲದ ಪರೀಕ್ಷೆಗೆ ಒಂದು ಕ್ರಮವುಂಟು. ಗಾಲಿಗಳಿಗೆ ಅಡ್ಡಗಟ್ಟೆಗಳನ್ನು ಕೊಟ್ಟು, ಬಾಲವನ್ನು ಗೂಟಕ್ಕೆ ಬಿಗಿದು, ಪ್ರೊಪೆಲರಿನ ನೇರದಲ್ಲಿ ಯಾರೂ ನಿಲ್ಲದಂತೆ ನೋಡಿಕೊಂಡು, ಮೊದಲು ನಿಧಾನವಾಗಿ ಓಡಿಸಬೇಕು. ಎಣ್ಣೆಯ ಒತ್ತಡ, ನೀರಿನ ಕಾವು, ಸುತ್ತುಗಳ ಸಂಖ್ಯೆ ಇವುಗಳನ್ನು ಬರೆದಿಟ್ಟುಕೊಳ್ಳಬೇಕು. ನಿಲ್ಲಿಸಿ, ಸೋರಿಕೆಗಳನ್ನೂ ಸಡಿಲವಾದ ತಿರುಪುಗಳನ್ನೂ ಹುಡುಕಿ, ಮತ್ತೆ ಓಡಿಸಬೇಕು. ವಿಮಾನದ ಮೂಗನ್ನು ಏರಿಕೆಯ ಭಂಗಿಗೆ ಎತ್ತಿ ನಿಲ್ಲಿಸಿ ಪೆಟ್ರೋಲಿನ ಹರಿವನ್ನು ಅಳೆಯಬೇಕು. ಪೂರ್ಣಬಲಕ್ಕೆ ಬೇಕಾದುದರ ಮೇಲೆ, ಪಂಪಿನಿಂದ ಬರುವುದಾದರೆ ಶೇಕಡಾ 25ರಷ್ಟೂ, ತನ್ನ ಭಾರದಿಂದಲೇ ಇಳಿದುಬರುವುದಾದರೆ ಶೇಕಡಾ 50ರಷ್ಟೂ ಹೆಚ್ಚಿನ ಹರಿವು ಇರಬೇಕೆಂಬುದು ಅಲ್ಲಿಯ ನಿಯಮ. ಇಷ್ಟಾದರೂ ನೆಲದ ಪರೀಕ್ಷೆಯು ಎಲ್ಲವನ್ನೂ ಹೇಳಲಾರದು. ನಿಂತ ವಿಮಾನಕ್ಕೆ ಎದುರುಗಾಳಿಯಿಲ್ಲ. ವಾಂಕೆಲ್ ಇಂಜನಿನ ಹೊಗೆಯೋ ಅತಿಯಾದ ಬಿಸಿಯುಳ್ಳದ್ದು. ಆದುದರಿಂದ ಕಾವಿನ ಲೆಕ್ಕವನ್ನು ವಿವೇಚನೆಯಿಂದ ಓದಬೇಕಾಗುತ್ತದೆ.

ಇನ್ನು ಕರ್ಣಾಟಕದತ್ತ ನೋಡುವುದಾದರೆ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಮೈಸೂರು ಸರ್ಕಾರದ ಸಹಾಯದಿಂದ 1940ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನವು 1951ರಲ್ಲಿ ಹಾರಿತು. ಆದರೆ ಅದರ ಇಂಜನು ಇಂಗ್ಲೆಂಡಿನದು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಹಂಸ ವಿಮಾನವು 1993ರಲ್ಲಿ ಹಾರಿತು. ಅದಕ್ಕೂ ಪರದೇಶದ ಇಂಜನೇ. ಒಡಲು ಸ್ವದೇಶದ್ದು, ಹೃದಯವು ಪರದೇಶದ್ದು ಎಂಬ ಈ ಸ್ಥಿತಿಯು ಬಹುಕಾಲ ನಡೆದುಬಂದಿತು. ಕೊಡುವವನು ಕೈಹಿಡಿದರೆ ಹಾರುವವನು ನೆಲದಲ್ಲಿಯೇ ಉಳಿಯಬೇಕು.

ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ಸೈನ್ಯಕ್ಕಾಗಿ ನಿರ್ಮಿಸಿದ ನಿಶಾಂತ್ ಎಂಬ ಚಾಲಕರಹಿತ ವಿಮಾನಕ್ಕೂ ಮೊದಲು ಆಮದಾದ ಇಂಜನನ್ನೇ ಬಳಸಲಾಗುತ್ತಿದ್ದಿತು. ಅದಕ್ಕೆ ಬದಲಾಗಿ 55 ಅಶ್ವಶಕ್ತಿಯ ವಾಂಕೆಲ್ ಇಂಜನೊಂದನ್ನು ದೇಶದಲ್ಲಿಯೇ ಮಾಡುವ ಸಂಕಲ್ಪವಾಯಿತು. ಇಂಜನಿನ ಒಡಲಿನ ಹೊಣೆಯನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ, ಕಿಡಿ ಮತ್ತು ಇಂಧನಗಳ ವ್ಯವಸ್ಥೆಯನ್ನು ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆಯೂ ವಹಿಸಿಕೊಂಡುವು. ಜರ್ಮನಿಯಲ್ಲಿ ಕಂಪೆನಿಯನ್ನು ಕೆಡವಿದ, ಜಪಾನಿನಲ್ಲಿ ಇಂಜಿನಿಯರುಗಳ ನಿದ್ದೆಗೆಡಿಸಿದ ಆ ಒಳಗೋಡೆಯ ತೊಡಕೇ ಇಲ್ಲಿಯೂ ಎದುರಾಗತಕ್ಕುದು. ವಿಶೇಷ ಅಲ್ಯೂಮಿನಿಯಂ ಎರಕದ ಗೂಡಿಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡುಗಳ ಗಡುಸಾದ ಲೇಪವನ್ನು ಕೊಟ್ಟು ಪ್ರಯೋಗಾಲಯದವರು ಅದಕ್ಕೆ ಉತ್ತರವನ್ನು ಕಂಡುಕೊಂಡರು. ಇಂಜನಿನ ತೂಕವು ಸುಮಾರು 30 ಕಿಲೋಗ್ರಾಂ; ಇಬ್ಬರು ಆಳುಗಳು ಅನಾಯಾಸವಾಗಿ ಎತ್ತಬಹುದಾದಷ್ಟು. ನೆಲದ ಮೇಲೆ ಕಠಿನವಾದ ತಾಳಿಕೆಯ ಪರೀಕ್ಷೆಗಳಲ್ಲಿ ಗೆದ್ದ ಬಳಿಕವೇ ಅದಕ್ಕೆ ಹಾರುವ ಅನುಮತಿಯು ದೊರೆಯಿತು.

2009ರ ಮಾರ್ಚ್ 29ರಂದು ಬೆಳಗಿನ ಜಾವ 5 ಗಂಟೆ 25 ನಿಮಿಷಕ್ಕೆ, ಕೋಲಾರದ ಬಳಿಯ ಹಳ್ಳಿಯೊಂದರ ಸಮೀಪದಿಂದ, ಆ ಇಂಜನನ್ನು ಹೊತ್ತ ನಿಶಾಂತ್ ಮೇಲಕ್ಕೆದ್ದಿತು. 35 ನಿಮಿಷಗಳ ಕಾಲ, 1.8 ಕಿಲೋಮೀಟರು ಎತ್ತರದಲ್ಲಿ ಹಾರಿ, ಪ್ಯಾರಾಚೂಟಿನ ನೆರವಿನಿಂದ ಗೊತ್ತುಮಾಡಿದ ಸ್ಥಳದಲ್ಲಿಯೇ ಸುರಕ್ಷಿತವಾಗಿ ಇಳಿಯಿತು. ಭಾರತದಲ್ಲಿ ಹುಟ್ಟಿದ ವಾಂಕೆಲ್ ಇಂಜನು ವಿಮಾನವನ್ನು ಹಾರಿಸಿದುದು ಅದೇ ಮೊದಲು.

ನಿಶಾಂತ್ ವಿಮಾನದ ಆಯುಸ್ಸು ದೀರ್ಘವಾಗಲಿಲ್ಲ. ಅಪಘಾತಗಳ ಅನಂತರ 2015ರಲ್ಲಿ ಸೈನ್ಯವು ಅದನ್ನು ಕೈಬಿಟ್ಟಿತು. ಇದರಿಂದ ಇಂಜನಿನ ಶ್ರಮವೆಲ್ಲ ವ್ಯರ್ಥವಾಯಿತೆಂದು ಬಗೆಯುವುದು ಸರಿಯಲ್ಲ. ವಿಮಾನವು ಹೋದರೂ ಎರಕದ ಹದ, ಲೇಪದ ವಿದ್ಯೆ, ಸವೆತದ ಲೆಕ್ಕ ಇವು ಕಲಿತವರ ಕೈಯಲ್ಲಿ ಉಳಿಯುತ್ತವೆ. ಆಮದಾದ ಇಂಜನಿನ ಪೆಟ್ಟಿಗೆಯೊಡನೆ ಇವು ಬರತಕ್ಕುವಲ್ಲ. ಮುಂದಿನ ಇಂಜನನ್ನು ಮಾಡುವವರು ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಕೋಲಾರದ ಆ 35 ನಿಮಿಷಗಳು ಪತ್ರಿಕೆಗಳಲ್ಲಿ ಪ್ರಕಟವಾದುವು. ಅವುಗಳನ್ನು ಸಾಧ್ಯವಾಗಿಸಿದ ಓಟಗಳು ಪರೀಕ್ಷಾಮಂಚದ ಲೆಕ್ಕದ ಪುಸ್ತಕದಲ್ಲಿವೆ. ಒಂದು ದೇಶದ ಕುಶಲವಿದ್ಯೆಯನ್ನು ಅಳೆಯಬೇಕೆನ್ನುವವರು ಓದತಕ್ಕುದು ಆ ಎರಡನೆಯ ಪುಸ್ತಕವನ್ನೇ.