ಕಾಗದವನ್ನು 42 ಸಲ ಮಡಚಿದರೆ ಚಂದ್ರನನ್ನು ಮುಟ್ಟುತ್ತದೆಯೇ? ಘಾತಾಂಕದ ಲೆಕ್ಕ ಇಲ್ಲಿದೆ

ಸಾರಾಂಶ
'ಒಂದು ಹಾಳೆಯನ್ನು 42 ಸಲ ಮಡಚಿದರೆ ಅದು ಚಂದ್ರನನ್ನು ಮುಟ್ಟುತ್ತದೆ' ಎಂಬ ಮಾತು ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುತ್ತದೆ. ನಾವು ಲೆಕ್ಕ ಹಾಕಿ ನೋಡಿದೆವು. ಲೆಕ್ಕ ಸರಿ, ಆದರೆ ನಿಜದಲ್ಲಿ ಹಾಗೆ ಮಡಚಲು ಆಗುವುದಿಲ್ಲ. ಇದೇ ಲೆಕ್ಕ ಚೈನ್ ಸ್ಕೀಮ್‌ಗಳ ಮೋಸವನ್ನೂ ಬಯಲು ಮಾಡುತ್ತದೆ.

ಘಾತಾಂಕ ಎಂದರೇನು?
2⁵ ಎಂದರೆ ಐದು ಎರಡುಗಳ ಗುಣಾಕಾರ: 2×2×2×2×2 = 32. ಇಲ್ಲಿ 2 ಆಧಾರ ಸಂಖ್ಯೆ, ಮೇಲೆ ಚಿಕ್ಕದಾಗಿ ಬರೆದ 5 ಘಾತಾಂಕ. ಇದನ್ನು 2×5 = 10 ಎಂದು ಓದುವುದು ತಪ್ಪು.

ಹಾಳೆಯನ್ನು ಒಮ್ಮೆ ಮಡಚಿದರೆ 2 ಪದರ, ಎರಡು ಸಲ ಮಡಚಿದರೆ 4, ಮೂರು ಸಲಕ್ಕೆ 8. ಮಡಚದೇ ಇದ್ದರೆ 1 ಪದರ. ಅಂದರೆ 2⁰ = 1, ಸೊನ್ನೆಯಲ್ಲ.

ಚಂದ್ರನ ಲೆಕ್ಕ ಸರಿಯೇ?
ಅಂಬೇವಾಡಿ ರೈಲು ನಿಲ್ದಾಣಕ್ಕೆ ಹತ್ತಿರದ ದಾಂಡೇಲಿ ಕಾಗದ ಕಾರ್ಖಾನೆಗೆ ಹೆಸರಾದ ಊರು. ಅಲ್ಲಿಯವರಿಗೆ ಗೊತ್ತಿರುವಂತೆ, ಝೆರಾಕ್ಸ್ ಕಾಗದದ 500 ಹಾಳೆಗಳ ಕಟ್ಟು ಸುಮಾರು 5 ಸೆಂ.ಮೀ. ದಪ್ಪ. ಅಂದರೆ ಒಂದು ಹಾಳೆ 0.1 ಮಿ.ಮೀ.

10 ಮಡಿಕೆಗೆ 1,024 ಪದರ, ದಪ್ಪ ಸುಮಾರು 10 ಸೆಂ.ಮೀ. 41 ಮಡಿಕೆಗೆ ಸುಮಾರು 2.2 ಲಕ್ಷ ಕಿ.ಮೀ. ಇನ್ನೊಂದೇ ಮಡಿಕೆಗೆ 4.4 ಲಕ್ಷ ಕಿ.ಮೀ! ಚಂದ್ರ ಇರುವುದು ಸರಾಸರಿ 3.84 ಲಕ್ಷ ಕಿ.ಮೀ. ದೂರದಲ್ಲಿ.

'ಏಳಕ್ಕಿಂತ ಹೆಚ್ಚು ಸಲ ಮಡಚಲಾಗದು' ಎಂಬ ಮಾತು ನಿಜವೇ?
ಸಾಮಾನ್ಯ ಹಾಳೆಯನ್ನು ಏಳು ಸಲ ಮಡಚುವುದರಲ್ಲೇ ಕೈ ಸೋಲುತ್ತದೆ. ಆದರೆ ಅದು ನಿಯಮವಲ್ಲ. ಅಮೆರಿಕದ ವಿದ್ಯಾರ್ಥಿನಿ ಬ್ರಿಟ್ನಿ ಗ್ಯಾಲಿವನ್ 2002ರಲ್ಲಿ ಒಂದು ಕಿ.ಮೀ.ಗಿಂತ ಉದ್ದದ ಟಾಯ್ಲೆಟ್ ಪೇಪರನ್ನು 12 ಸಲ ಮಡಚಿ ತೋರಿಸಿದರು.

ಇದು ನಮ್ಮ ಜೇಬಿಗೆ ಹೇಗೆ ಸಂಬಂಧ?
'ಹಣ ಕಟ್ಟಿ, ಆರು ಜನರನ್ನು ಸೇರಿಸಿ, ಅವರೂ ತಲಾ ಆರು ಜನರನ್ನು ಸೇರಿಸಲಿ' ಎನ್ನುವ ಸ್ಕೀಮ್ ನೋಡೋಣ. ಹತ್ತನೇ ಹಂತಕ್ಕೆ 6¹⁰, ಅಂದರೆ 6 ಕೋಟಿಗೂ ಹೆಚ್ಚು ಹೊಸಬರು ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ. ಹದಿಮೂರನೇ ಹಂತಕ್ಕೆ 1,306 ಕೋಟಿ ಜನ ಬೇಕು. ಭೂಮಿಯ ಮೇಲೆ ಅಷ್ಟು ಜನರೇ ಇಲ್ಲ.

ಸರಪಳಿ ಎಲ್ಲಿ ತುಂಡಾದರೂ, ಸೇರಿದ ಪ್ರತಿ ಆರು ಜನರಲ್ಲಿ ಸುಮಾರು ಐವರು ಕೊನೆಯ ಸಾಲಿನಲ್ಲಿರುತ್ತಾರೆ. ಅವರ ಕೆಳಗೆ ಯಾರೂ ಇಲ್ಲ, ಕಟ್ಟಿದ ಹಣವೂ ಬರುವುದಿಲ್ಲ. ಇಂಥ ಹಣ ಪರಿಚಲನೆ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ನಮ್ಮ ತೀರ್ಮಾನ
ಕಾಗದದ ಸಂದೇಶ ಲೆಕ್ಕದ ಮಟ್ಟಿಗೆ ನಿಜ. ಆದರೆ 'ಇಷ್ಟು ಜನರನ್ನು ಸೇರಿಸಿ' ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮೊಬೈಲ್‌ನ ಕ್ಯಾಲ್ಕುಲೇಟರ್ ತೆರೆದು ಗುಣಿಸಿ ನೋಡಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.