ವರ್ತಕನ ಹೆಸರು, ಮಾಲೀಕನ ನೆಲ: ಇಂಗ್ಲೆಂಡಿನ 1954ರ ಕಾಯಿದೆ

ಒಂದೇ ಜಾಗದಲ್ಲಿ ಹಲವು ವರ್ಷ ವ್ಯಾಪಾರ ನಡೆಸಿದ ವರ್ತಕನ ಹೆಸರು ಆ ಜಾಗಕ್ಕೇ ಅಂಟಿಕೊಳ್ಳುತ್ತದೆ. ಗಿರಾಕಿಗಳು ಹುಡುಕಿಕೊಂಡು ಬರುವುದು ಆ ಬೀದಿಯ ಆ ಬಾಗಿಲಿಗೆ. ಕರಾರಿನ ಅವಧಿ ಮುಗಿದಾಗ ಮಳಿಗೆ ಮಾಲೀಕನಿಗೆ ಸೇರುತ್ತದೆ. ವರ್ತಕನು ಗಳಿಸಿದ ಹೆಸರು ಯಾರಿಗೆ ಸೇರಬೇಕು? ಇಂಗ್ಲೆಂಡಿನ ವಾಣಿಜ್ಯ ಬಾಡಿಗೆಯ ಶಾಸನಗಳು ಈ ಪ್ರಶ್ನೆಯ ಸುತ್ತಲೇ ಬೆಳೆದು ಬಂದಿವೆ.

ಅಲ್ಲಿನ ಹಳೆಯ ಕಾನೂನಿನಲ್ಲಿ ಅವಧಿ ತೀರಿದ ವರ್ತಕನಿಗೆ ಯಾವ ಹಕ್ಕೂ ಇರಲಿಲ್ಲ. ಅವನ ಶ್ರಮದಿಂದಲೇ ಮಳಿಗೆಯ ಬೆಲೆ ಏರಿದ್ದರೂ ಏರಿದ ಬಾಡಿಗೆಯನ್ನು ಅವನೇ ತೆರಬೇಕಿತ್ತು. ಇಲ್ಲವೇ ಜಾಗ ಬಿಡಬೇಕಿತ್ತು. 1927ರ ಕಾಯಿದೆಯು ಇದಕ್ಕೆ ಹಣದ ಪರಿಹಾರವನ್ನು ಸೂಚಿಸಿತು. ಹಣ ಸಾಲದೆಂದು ಕಂಡಲ್ಲಿ ಹೊಸ ಕರಾರಿಗೂ ಅವಕಾಶವಿತ್ತು. ಆದರೆ ವ್ಯಾಪಾರದ ಹೆಸರು ಕಟ್ಟಡಕ್ಕೆ ಅಂಟಿದೆಯೆಂದೂ ಅದರಿಂದ ಮಾಲೀಕನಿಗೆ ಹೆಚ್ಚಿನ ಬಾಡಿಗೆ ದೊರೆಯುವುದೆಂದೂ ಸಾಧಿಸುವ ಹೊಣೆ ಬಾಡಿಗೆದಾರನದೇ ಆಗಿತ್ತು. ಇದನ್ನು ಸಾಧಿಸಿ ತೋರಿಸುವುದು ಬಹು ಕಷ್ಟವಾಗಿತ್ತು.

ಎರಡನೆಯ ಮಹಾಯುದ್ಧದ ತರುವಾಯ ಮಳಿಗೆಗಳ ಅಭಾವ ಉಂಟಾಗಿ ಸಮಸ್ಯೆ ತೀವ್ರವಾಯಿತು. 1951ರ ತಾತ್ಕಾಲಿಕ ಕಾಯಿದೆಯು ಅಂಗಡಿಕಾರರಿಗೆ ಅಲ್ಪಾವಧಿಯ ರಕ್ಷಣೆ ನೀಡಿತು. 1954ರ ಕಾಯಿದೆಯ ಎರಡನೆಯ ಭಾಗವು ಈ ರಕ್ಷಣೆಯನ್ನು ಸ್ಥಿರಗೊಳಿಸಿತು. ಅದರಂತೆ, ವ್ಯಾಪಾರಕ್ಕಾಗಿ ಜಾಗವನ್ನು ಬಳಸುತ್ತಿರುವವನ ಬಾಡಿಗೆ ಹಕ್ಕು ಅವಧಿ ತೀರಿದ ಮಾತ್ರಕ್ಕೆ ಕೊನೆಗೊಳ್ಳದು. ಅವನು ನ್ಯಾಯಾಲಯದಿಂದ ಹೊಸ ಕರಾರನ್ನು ಕೇಳಿ ಪಡೆಯಬಹುದು. ಮಾಲೀಕನು ಅದನ್ನು ವಿರೋಧಿಸಲು 30ನೆಯ ಕಲಮು ಏಳು ಕಾರಣಗಳನ್ನು ಮಾತ್ರ ಒಪ್ಪುತ್ತದೆ: ಬಾಡಿಗೆ ಬಾಕಿ, ದುರಸ್ತಿಯ ಅಲಕ್ಷ್ಯ, ಕಟ್ಟಡವನ್ನು ಕೆಡವಿ ಕಟ್ಟುವ ಉದ್ದೇಶ, ಸ್ವಂತ ಬಳಕೆ ಮೊದಲಾದವು. 34ನೆಯ ಕಲಮು ಇನ್ನೂ ಗಮನಾರ್ಹವಾದುದು. ಹೊಸ ಬಾಡಿಗೆಯನ್ನು ಮಾರುಕಟ್ಟೆಯ ದರದಲ್ಲೇ ನಿಗದಿ ಮಾಡಬೇಕು. ಆದರೆ ಬಾಡಿಗೆದಾರನ ವ್ಯಾಪಾರದಿಂದ ಆ ಜಾಗಕ್ಕೆ ಬಂದ ಹೆಸರಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಕೂಡದು. ಮೊದಲ ಪ್ರಶ್ನೆಗೆ ಶಾಸನವು ಕೊಟ್ಟ ನೇರ ಉತ್ತರವಿದು.

ಈ ಹಕ್ಕನ್ನು ಕರಾರಿನ ಮೂಲಕ ತೊರೆಯಲು ಆರಂಭದಲ್ಲಿ ಅವಕಾಶವಿರಲಿಲ್ಲ. 1969ರ ತಿದ್ದುಪಡಿಯು ಇಬ್ಬರೂ ಜಂಟಿಯಾಗಿ ನ್ಯಾಯಾಲಯದ ಅನುಮತಿ ಪಡೆದು ತೊರೆಯಬಹುದೆಂದಿತು. 2004ರ ಜೂನ್‌ನಿಂದ ಆ ಅನುಮತಿಯೂ ಬೇಕಿಲ್ಲ; ಮಾಲೀಕನ ಎಚ್ಚರಿಕೆಯ ಪತ್ರ ಮತ್ತು ಬಾಡಿಗೆದಾರನ ಘೋಷಣೆ ಸಾಕು.

ತೊರೆಯದೆ ಉಳಿಸಿಕೊಂಡ ಹಕ್ಕಿನ ಬಲವೆಷ್ಟು ಎಂಬುದು 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ತೀರ್ಮಾನಿಸಿದ ಫ್ರಾನ್ಸಸ್ ಮೊಕದ್ದಮೆಯಲ್ಲಿ ವಿಶದವಾಯಿತು. ಲಂಡನ್ನಿನ ಜರ್ಮಿನ್ ಬೀದಿಯಲ್ಲಿ ಪುರಾತನ ಚಿತ್ರವಸ್ತ್ರಗಳ ವ್ಯಾಪಾರ ಮಾಡುತ್ತಿದ್ದ ಸಂಸ್ಥೆಯೊಂದು ಹೊಸ ಕರಾರನ್ನು ಕೇಳಿತು. ಮಾಲೀಕರಾದ ಕ್ಯಾವೆಂಡಿಶ್ ಹೋಟೆಲಿನವರು 7,76,000 ಪೌಂಡಿಗೂ ಮಿಕ್ಕ ವೆಚ್ಚದ ಕಾಮಗಾರಿಯನ್ನು ಮುಂದಿಟ್ಟರು. ನೆಲಮಾಳಿಗೆಯ ನೆಲವನ್ನು ಒಂದೆಡೆ ತಗ್ಗಿಸುವಂಥ, ಪ್ರಯೋಜನವಿಲ್ಲದ ಕೆಲಸಗಳೂ ಅದರಲ್ಲಿದ್ದವು. ಬಾಡಿಗೆದಾರರು ತಾವಾಗಿ ತೆರವು ಮಾಡಿದರೆ ಆ ಕಾಮಗಾರಿಯನ್ನು ನಡೆಸುವುದಿಲ್ಲವೆಂದು ಮಾಲೀಕರೇ ಒಪ್ಪಿಕೊಂಡಿದ್ದರು. ಒಕ್ಕಲೆಬ್ಬಿಸುವುದಕ್ಕಾಗಿಯೇ ಹೂಡಿದ, ಷರತ್ತಿಗೊಳಪಟ್ಟ ಇಂಥ ಉದ್ದೇಶವು ಶಾಸನವು ಅಪೇಕ್ಷಿಸುವ ಉದ್ದೇಶವಲ್ಲವೆಂದು ನ್ಯಾಯಾಲಯವು ಸರ್ವಾನುಮತದಿಂದ ತೀರ್ಪಿತ್ತಿತು.

ಹೀಗೆ 1954ರ ಆಶಯ ಇಂದಿಗೂ ಜೀವಂತವಾಗಿದೆ. ಆದರೆ ಕರಾರಿಗೆ ಮುನ್ನವೇ ಘೋಷಣೆಗೆ ಸಹಿ ಹಾಕಿದ ವರ್ತಕನಿಗೆ ಅದರ ನೆರಳು ದೊರೆಯದು. ಜಾಗದ ಅಗತ್ಯವಿರುವ ಸಣ್ಣ ವ್ಯಾಪಾರಿ ಆ ಸಹಿಯನ್ನು ನಿರಾಕರಿಸಬಲ್ಲನೇ ಎಂಬುದು ಈಗ ಉಳಿದಿರುವ ಪ್ರಶ್ನೆ.