ಉಪ್ಪಿಗೆ ಹಾಕಿದ ಬೇಲಿ



ನಾವು ಬೇಲಿ ಯಾಕೆ ಹಾಕ್ತೀವಿ? ದನ ಹೊಲಕ್ಕೆ ನುಗ್ಗಬಾರದು ಅಂತ. ಆದರೆ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಉಪ್ಪು ನುಗ್ಗಬಾರದೆಂದು ಬೇಲಿ ಹಾಕಿದ್ದರು. ಸುಳ್ಳಲ್ಲ, ನೋಡ್ರಿ. 1869ರ ಹೊತ್ತಿಗೆ ಸಿಂಧೂ ನದಿಯಿಂದ ಮಹಾನದಿಯ ತನಕ ಸುಮಾರು 2,300 ಮೈಲು ಉದ್ದದ ಸುಂಕದ ಗಡಿ ಇತ್ತು. ಅದರ ಬಹುಭಾಗಕ್ಕೆ ಜಾಲಿ, ಬೋರೆ, ಕಳ್ಳಿ ಬೆಳೆಸಿದ ಬೇಲಿ. ಗಿಡ ಹಿಡಿಯದ ಕಡೆ ಒಣ ಮುಳ್ಳು, ಇಲ್ಲವೆ ಕಲ್ಲಿನ ಗೋಡೆ. ಕಾವಲಿಗೆ ಸುಮಾರು 12,000 ಮಂದಿ.

ಇಷ್ಟೆಲ್ಲ ಯಾತಕ್ಕೆ ಅಂತೀರಾ? ಬೇಲಿಯಾಚೆ ರಜಪೂತ ಸಂಸ್ಥಾನಗಳ ಉಪ್ಪು, ಅಗ್ಗ. ಈಚೆ ಬ್ರಿಟಿಷರ ಸೀಮೆ, ಸುಂಕ ಬಿದ್ದು ದುಬಾರಿ. ಒಂದೇ ಸರಕಿಗೆ ಎರಡು ಧಾರಣೆ ಆದರೆ ಸರಕಿಗೆ ಕಾಲು ಬರುತ್ತದೆ. ರಾತ್ರೋರಾತ್ರಿ ನಡೆದು ಬರುತ್ತದೆ. ಕಡೆಗೆ ಸರ್ಕಾರ ಸಾಂಭರ್ ಸರೋವರದಂಥ ಉಪ್ಪಿನ ಜಾಗಗಳನ್ನೇ ಗುತ್ತಿಗೆ ಹಿಡಿದು, ಹುಟ್ಟುವ ಕಡೆಯೇ ಸುಂಕ ಎತ್ತತೊಡಗಿತು. ಬೇಲಿಯ ಕೆಲಸ ತೀರಿತು. 1879ರಲ್ಲಿ ಆ ಗಡಿಯನ್ನು ತೆಗೆದರು. ಬೇಲಿ ಹೋಯಿತು, ಸುಂಕ ಹೋಗಲಿಲ್ಲ.

ಈಗ ಸಂತೆಗೆ ಬನ್ನಿ. ಹತ್ತು ಮಂದಿ ಮೆಣಸಿನಕಾಯಿ ಮಾರುತ್ತಾರೆ. ಒಬ್ಬ ಧಾರಣೆ ಏರಿಸಿದರೆ ನೀವು ಪಕ್ಕದವನ ಹತ್ತಿರ ಹೋಗ್ತೀರಿ. ಮಾರುವವನು ಒಬ್ಬನೇ ಆದರೆ? ಇದಕ್ಕೆ ಏಕಸ್ವಾಮ್ಯ ಎನ್ನುತ್ತಾರೆ. ಕಂಪನಿ ಸರ್ಕಾರ ಉಪ್ಪಿನ ಏಕಸ್ವಾಮ್ಯವನ್ನು ಬಂಗಾಳದಲ್ಲಿ 1772ರಲ್ಲಿ, ಮದ್ರಾಸ್ ಸೀಮೆಯಲ್ಲಿ 1805ರಲ್ಲಿ ಕೈಗೆ ತೆಗೆದುಕೊಂಡಿತು. ನಮ್ಮ ಉಪ್ಪಾರರು ಸವುಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ ಉಪ್ಪು ತೆಗೆಯುತ್ತಿದ್ದವರು. ಅವರ ಕುಲಕಸುಬಿಗೂ ಕಾಯ್ದೆ ಅಡ್ಡ ಬಂತು. ಕಡಲ ನೀರು ಕಾಸಿದರೂ ಅಪರಾಧ.

ಒಬ್ಬನೇ ಮಾರುವವನಿಗೂ ಸಾಮಾನ್ಯವಾಗಿ ಒಂದು ಅಂಕೆ ಇರುತ್ತದೆ. ಬೆಲ್ಲ ತುಟ್ಟಿಯಾದರೆ ಹೋಳಿಗೆ ಮುಂದಿನ ಹಬ್ಬಕ್ಕೆ ಅಂದು ಸುಮ್ಮನಾಗ್ತೀವಿ. ಬೆಲ್ಲದವನು ತಾನೇ ಇಳಿಯಬೇಕಾಗುತ್ತದೆ. ಉಪ್ಪು ತುಟ್ಟಿಯಾದರೆ ಸಪ್ಪೆ ಉಣ್ಣಲಾದೀತೆ? ಬೆಲೆ ಏರಿದರೂ ಬೇಡಿಕೆ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಇಂಥ ಸರಕಿನ ತೆರಿಗೆಯನ್ನು ಕಾಗದದ ಮೇಲೆ ಯಾರೇ ಕಟ್ಟಲಿ, ಅದು ಜಾರಿ ಬಂದು ಕೂಡುವುದು ಕೊಳ್ಳುವವನ ತಲೆಯ ಮೇಲೆ.

ಬೇಲಿಗಿಂತ ಈ ಲೆಕ್ಕವೇ ನನಗೆ ದೊಡ್ಡದಾಗಿ ಕಾಣುತ್ತದೆ. 1888ರಲ್ಲಿ ಸುಂಕ ಮಣಕ್ಕೆ ಎರಡೂವರೆ ರೂಪಾಯಿ ಆಯಿತು. ಸರ್ಕಾರಿ ಮಣ ಅಂದರೆ 40 ಸೇರು, ಈಗಿನ 37 ಕಿಲೋ ಚಿಲ್ಲರೆ. (ನಮ್ಮ ಪೇಟೆಗಳ ಮಣವೇ ಬೇರೆ, ಅದನ್ನು ಇಲ್ಲಿ ಎಣಿಸಬೇಡಿ.) ರೂಪಾಯಿಗೆ 16 ಆಣೆ, ಎರಡೂವರೆ ರೂಪಾಯಿಗೆ 40 ಆಣೆ. ಸೇರಿಗೆ ಸರಿಯಾಗಿ ಒಂದಾಣೆ! ಒಂದಾಣೆ ತಾನೆ ಅನ್ನಬಹುದು. ಆದರೆ ಸಾಹುಕಾರನ ಮನೆಯ ಆಳಿಗೂ ಅಷ್ಟೇ ಉಪ್ಪು ಬೇಕು, ಕೂಲಿಯವನ ಮನೆಯ ಆಳಿಗೂ ಅಷ್ಟೇ ಬೇಕು. ಬಿಸಿಲಲ್ಲಿ ಬೆವರು ಸುರಿಸುವವನಿಗೆ ಒಂದು ಹರಳು ಹೆಚ್ಚೇ. ಗಳಿಕೆ ಮಾತ್ರ ಒಂದೇ ಅಲ್ಲ. ತನ್ನ ಉಪ್ಪು ಬಿಡಲಾರದವನು ದನದ ಉಪ್ಪಿಗೆ ಕೈ ಬಿಗಿ ಹಿಡಿಯುತ್ತಾನೆ. ಈ ದೂರು ಆ ಕಾಲದಲ್ಲಿ ಮತ್ತೆ ಮತ್ತೆ ಕೇಳಿಬಂತು.

ಗೋಪಾಲಕೃಷ್ಣ ಗೋಖಲೆಯವರು 1902ರಲ್ಲಿ ವೈಸರಾಯರ ಶಾಸನ ಸಭೆಯಲ್ಲಿ ಇದನ್ನೇ ಎತ್ತಿ ಆಡಿದರು. ಸುಂಕ 1903ರಲ್ಲಿ ಎರಡು ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದಕ್ಕೆ ಇಳಿಯಿತು. ಇಳಿದ ಮೇಲೆ ದೇಶದಲ್ಲಿ ಉಪ್ಪಿನ ಬಳಕೆ ಏರಿತು. ಅಂದರೆ ಅಲ್ಲಿಯವರೆಗೆ ಎಲ್ಲೋ ಬಿಗಿ ಹಿಡಿದದ್ದು ನಿಜವೇ.

1916ರಲ್ಲಿ ಒಂದೂಕಾಲು ರೂಪಾಯಿ. 1923ರಲ್ಲಿ ಅದನ್ನು ಒಮ್ಮೆಗೇ ಎರಡೂವರೆಗೆ ಏರಿಸಹೊರಟರು. ಶಾಸನ ಸಭೆ ಒಲ್ಲೆನೆಂದರೂ ವೈಸರಾಯರು ತಮ್ಮ ವಿಶೇಷಾಧಿಕಾರದಿಂದ ಹೇರಿದರು. ಮರುವರ್ಷ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಆಮೇಲಿನದು ನಿಮಗೆ ಗೊತ್ತಿದ್ದದ್ದೇ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯ ದಂಡೆಯಲ್ಲಿ ಉಪ್ಪು ಎತ್ತಿದರು. ಒಂದು ವಾರಕ್ಕೆ, 13ನೇ ತಾರೀಖು, ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಕಾಯ್ದೆ ಮುರಿದು ಉಪ್ಪು ಮಾಡಿದರು. 1931ರ ಗಾಂಧಿ–ಇರ್ವಿನ್ ಒಪ್ಪಂದದಿಂದ ಉಪ್ಪು ಸಿಗುವ ಊರಿನವರು ತಮ್ಮ ಬಳಕೆಗೆ, ತಮ್ಮ ಊರೊಳಗಿನ ಮಾರಾಟಕ್ಕೆ ಉಪ್ಪು ತೆಗೆಯಬಹುದೆಂದಾಯಿತು. ಸುಂಕ ಪೂರಾ ಹೋದದ್ದು 1947ರಲ್ಲಿ.

2017ರಲ್ಲಿ ಜಿಎಸ್‌ಟಿ ಬಂದಾಗಲೂ ಉಣ್ಣುವ ಉಪ್ಪನ್ನು ತೆರಿಗೆಯ ಹೊರಗೆ ಇಟ್ಟರು. ಈಗ ಅಂಗಡಿಯಲ್ಲಿ ಬೇರೆ ಬೇರೆ ಕಂಪನಿಯ ಪೊಟ್ಟಣಗಳಿವೆ. ಒಂದು ತುಟ್ಟಿ ಅನಿಸಿದರೆ ಕೈ ಇನ್ನೊಂದರ ಮೇಲೆ ಹೋಗುತ್ತದೆ. ದನದ ಬಾನಿಗೆ ಹಿಡಿ ಉಪ್ಪು ಹಾಕುವಾಗ ಸೇರಿನ ಲೆಕ್ಕ ಯಾರೂ ಹಿಡಿಯುವುದಿಲ್ಲ.